ಮಂಚಕ್ಕೆ ಕಟ್ಟಿದ ನಂಬರು

ಇವತ್ತಿಗೂ ನಾನು ಬಕಲ್ ಇರುವ ಚಪ್ಪಲಿ ಕೊಳ್ಳುವುದಿಲ್ಲ. ಅಂಗಡಿಯವರು ಕಾರಣ ಕೇಳಿದರೆ ಕಾಲು ಕಚ್ಚುತ್ತದೆ ಅನ್ನುತ್ತೇನೆ.

ಬಿ.ಕಾಂ. ಮುಗಿಸಿ ಕೂಡ್ಲಿಗಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಗುಮಾಸ್ತನಾಗಿದ್ದೆ. ಎರಡು ಸಾವಿರದ ಇಸವಿ ದಾಟಿತ್ತು. ಸಹಕಾರ ಸಂಘದ ಸದಸ್ಯರಿಗೆ ಆರೋಗ್ಯ ವಿಮೆ ಬಂದ ಹೊಸದು. ವಿಮೆಯವರು ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಪ್ರತಿ ಆಪರೇಷನ್ನಿಗೂ ಒಂದು ನಂಬರು. ಹರ್ನಿಯಾಕ್ಕೆ ಇನ್ನೂರ ಹದಿನಾಲ್ಕು, ಪಿತ್ತಕೋಶ ತೆಗೆಯುವುದಕ್ಕೆ ನಾನೂರ ಹದಿನೇಳು. ಕಾಯಿಲೆಯನ್ನು ಎಷ್ಟು ಚಂದ ವರ್ಣಿಸಿ ಬರೆದರೂ ಫಾರಂ ವಾಪಸ್ಸು ಬರುತ್ತಿತ್ತು. ನಂಬರು ಬರೆದು ಫ್ಯಾಕ್ಸ್ ಮಾಡಿದರೆ ಆ ನಂಬರಿಗೆ ಒಪ್ಪಿಗೆ, ಆಮೇಲೆ ಆ ನಂಬರಿಗೇ ಬಿಲ್ಲು.

ಪುಸ್ತಕ ನನಗೆ ಬಾಯಿಪಾಠವಾಯಿತು. ನಾನು ರೋಗಿಗಳನ್ನು ನಂಬರಿನಿಂದ ಕರೆಯತೊಡಗಿದೆ, ನನ್ನಿಂದ ಸಿಸ್ಟರ್ ಕಲಿತರು, ಅವರಿಂದ ಆಯಾ, ಕೊನೆಗೆ ಎದುರಿನ ಚಹಾದಂಗಡಿಯವನೂ. "ಇನ್ನೂರ ಹದಿನಾಲ್ಕಕ್ಕ ಚಾ ಬ್ಯಾಡ, ಉಪಾಸ ಐತಿ" ಎಂದು ಅವನೇ ಹೇಳುತ್ತಿದ್ದ. ರೋಗಿಗಳಲ್ಲೂ ಪೈಪೋಟಿ ಶುರುವಾಯಿತು. ನಂಬರು ದೊಡ್ಡದಾದಷ್ಟೂ ಕಾಯಿಲೆಗೆ ಘನತೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ನಂಬರು ಬರೆದು ಮಂಚದ ಕಾಲಿಗೆ ಕಟ್ಟಿಸಿದೆ. ಮಂಚಕ್ಕೆ ಕಟ್ಟಿಸಿದೆ, ಮನುಷ್ಯನಿಗಲ್ಲ.

ಆ ಗುರುವಾರ ವಾರ್ಡಿನಲ್ಲಿ ಇಬ್ಬರಿದ್ದರು. ಗುಡೇಕೋಟೆಯಿಂದ ಬಂದ ಕುರಿ ಸಾಕುವ ಯಜಮಾನರು, ಹರ್ನಿಯಾ. ಹರಪನಹಳ್ಳಿಯಲ್ಲಿ ಲಾರಿ ರಿಪೇರಿ ಮಾಡುವ ಸಾಹೇಬರು, ಪಿತ್ತಕೋಶದಲ್ಲಿ ಕಲ್ಲು. ಇಬ್ಬರನ್ನೂ ಆ ಮೊದಲು ನೋಡಿರದ ಸರ್ಜನ್ ಹೊಸಪೇಟೆಯಿಂದ ವಾರಕ್ಕೊಮ್ಮೆ ಬರುವವರು. ಮೊದಲು ನಾನೂರ ಹದಿನೇಳು ಎಂದರು. ಆಯಾ ರಟ್ಟು ನೋಡಿ ಆ ಮಂಚದ ಮೇಲಿದ್ದವರನ್ನು ಸ್ಟ್ರೆಚರಿಗೆ ಹತ್ತಿಸಿ ಒಳಗೆ ತಳ್ಳಿಕೊಂಡು ಹೋದಳು.

ನಾನು ಫ್ಯಾಕ್ಸಿಗೆ ಇನ್ನೂರ ಹದಿನಾಲ್ಕರ ಹೆಬ್ಬೆಟ್ಟು ಹಾಕಿಸಲು ವಾರ್ಡಿಗೆ ಹೋದೆ. ಆ ಮಂಚದ ಮೇಲೆ ಸಾಹೇಬರು ಕೂತಿದ್ದರು.

"ನೀವ್ಯಾಕ್ರೀ ಇಲ್ಲಿ?"

"ಮಂಚ ಅದಲಿ ಬದಲಿ ಮಾಡಿಕೊಂಡ್ವಿ ಸಾರ್. ಆ ಮಂಚದಾಗ ನನ್ನ ಕಾಲು ಪಡುವಣಕ್ಕ ಬರ್ತಿದ್ವು, ಕಾಬಾದ ಕಡಿ ಕಾಲು ಚಾಚಬಾರದಲ್ರಿ. ಇಲ್ಲಿ ಯಜಮಾನ್ರಿಗೆ ತಲಿ ಉತ್ತರಕ್ಕ ಬರ್ತಿತ್ತು, ಅವ್ರು ಒಲ್ಲೆ ಅಂದ್ರು. ಇಬ್ರಿಗೂ ಅನುಕೂಲ ಆತು ನೋಡ್ರಿ."

ಅವು ತಲೆಕಡೆ ಎತ್ತರವಿದ್ದ ಕಬ್ಬಿಣದ ಮಂಚಗಳು, ತಿರುಗಿ ಮಲಗುವ ಹಾಗಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಧರ್ಮ ಕಾಪಾಡಿಕೊಂಡಿದ್ದರು. ರಟ್ಟು ಮಾತ್ರ ಇದ್ದಲ್ಲೇ ಇತ್ತು.

ಓಡಿದೆ. ಥಿಯೇಟರ್ ಬಾಗಿಲಲ್ಲಿ ಸಿಸ್ಟರ್ ಕೈ ಅಡ್ಡ ಹಾಕಿದರು. "ಚಪ್ಲಿ ಬಿಟ್ಟು ಬರ್ರಿ!"

"ಸಿಸ್ಟರ್, ಒಳಗ..."

"ಯಾರೇ ಆಗ್ಲಿ, ಚಪ್ಲಿ!"

ಬಗ್ಗಿದೆ. ಒಂದು ಕಾಲಿನದು ಕಳಚಿತು, ಇನ್ನೊಂದರ ಬಕಲ್ ಬಿಚ್ಚಿಕೊಳ್ಳಲಿಲ್ಲ. ಬೆರಳು ಬೆವೆತು ಜಾರುತ್ತಿತ್ತು. ಬಾಗಿಲ ಸಂದಿಯಿಂದ ಯಜಮಾನರ ಹೊಟ್ಟೆ ಕಾಣುತ್ತಿತ್ತು, ಬಲಗಡೆಯೆಲ್ಲ ಅಯೋಡಿನ್ ಬಳಿದಿದ್ದರು. ಅರಿವಳಿಕೆಯ ಡಾಕ್ಟರು ಸೂಜಿಗೆ ಔಷಧ ಎಳೆಯುತ್ತಿದ್ದರು. ಸರ್ಜನ್ ಪಕ್ಕೆಲುಬಿನ ಕೆಳಗೆ ಒತ್ತಿ ಕೇಳಿದರು, "ಇಲ್ಲೇ ನೋವಲ್ಲ?"

"ನೀವು ಹೇಳಿದ ಮ್ಯಾಲ ಇದ್ದೇ ಇರ್ತೈತಿ ಬಿಡ್ರಿ" ಎಂದರು ಯಜಮಾನರು, ಬಹಳ ಮರ್ಯಾದೆಯಿಂದ.

ಒಂದು ಕಾಲಲ್ಲಿ ಚಪ್ಪಲಿ ಇದ್ದಂತೆಯೇ ಸಿಸ್ಟರ್ ಕೈಕೆಳಗೆ ನುಗ್ಗಿ ಕೂಗಿದೆ: "ಸಾರ್, ನಿಲ್ರಿ! ಅವ್ರು ಇನ್ನೂರ ಹದಿನಾಲ್ಕು!"

ಎಲ್ಲರೂ ನಿಂತರು. ಸರ್ಜನ್ ಕೈ ಹಿಂದಕ್ಕೆ ತೆಗೆದು ಕೇಳಿದರು, "ಇವರ ಹೆಸರೇನು?"

ಸಿಸ್ಟರ್ ಆಯಾಳನ್ನು ನೋಡಿದರು. ಆಯಾ ನನ್ನನ್ನು ನೋಡಿದಳು. ಫಾರಂ ತುಂಬಿದವನು ನಾನೇ, ಫ್ಯಾಕ್ಸ್ ನನ್ನ ಕೈಯಲ್ಲೇ ಇತ್ತು. ಆದರೂ ಬಾಯಿಗೆ ಬಂದದ್ದು ನಂಬರು ಒಂದೇ. ಕೊನೆಗೆ ಯಜಮಾನರೇ ಮಲಗಿದಲ್ಲಿಂದ ತಮ್ಮ ಹೆಸರು, ಅಪ್ಪನ ಹೆಸರು, ಊರು, ಮನೆದೇವರು ಎಲ್ಲ ಹೇಳಿದರು.

"ಬ್ಯಾರೆ ನಂಬರು ಕರೆದಾಗ ಯಾಕ ಸುಮ್ಮನಿದ್ರಿ ಯಜಮಾನ್ರೇ?" ಎಂದೆ.

"ನಂಬರು ಮಂಚದ್ದಲ್ಲೇನಪಾ? ಬಸ್ಸಿನಾಗ ಸೀಟು ಬದಲಿ ಮಾಡಿದ್ರ ನಂಬರೂ ಬದಲಿ ಆಗ್ತೈತಿ."

ಅವತ್ತು ಮಧ್ಯಾಹ್ನವೇ ಇಬ್ಬರಿಗೂ ಅವರವರ ಆಪರೇಷನ್ನೇ ಆಯಿತು. ಅದಕ್ಕೂ ಮೊದಲು ನಾನು ರಟ್ಟುಗಳನ್ನೆಲ್ಲ ಕಿತ್ತು, ಬಿಳಿ ಪ್ಲಾಸ್ಟರಿನ ಮೇಲೆ ಹೆಸರು ಬರೆದು ಒಬ್ಬೊಬ್ಬರ ಮುಂಗೈಗೆ ಅಂಟಿಸಿದ್ದೆ. ನಂಬರು ಫ್ಯಾಕ್ಸಿನಲ್ಲಿ, ಬಿಲ್ಲಿನಲ್ಲಿ ಉಳಿಯಿತು. ಅದರ ಜಾಗ ಅದೇ ಆಗಿತ್ತು.

ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೊರಟ ದಿನ ಯಜಮಾನರು ನನ್ನ ಮೇಜಿನ ಹತ್ತಿರ ಬಂದರು. ಕ್ಷಮೆ ಕೇಳೋಣವೆಂದು ಎದ್ದೆ. ಅವರು ಮುಂಗೈ ಚಾಚಿ, "ಇದನ್ನ ಕೀಳಬ್ಯಾಡ್ರಿ, ಊರಾಗ ತೋರಸ್ತೀನಿ" ಎಂದರು. ಆಮೇಲೆ ತುಸು ಬಗ್ಗಿ ಮೆಲ್ಲಗೆ, "ಅಲ್ರೀ, ಒಳಗ ಹೆಂಗೂ ಹೋಗಿದ್ದೆ. ಆ ದೊಡ್ಡ ನಂಬರಿನ ಆಪರೇಷನ್ನೇ ಮಾಡಿಬಿಟ್ಟಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ನಾನು ಕೂತುಬಿಟ್ಟೆ.