ಹತ್ತುವ ಗಾಡಿಗೆ ದಾರಿ

ಬ್ರೇಕ್ ಕಾದು ಸುಡುವ ವಾಸನೆಯನ್ನು ಬಲ್ಲವರೇ ಬಲ್ಲರು. ಕೂದಲು ಸುಟ್ಟ ಹಾಗೂ ಅಲ್ಲ, ರಬ್ಬರು ಸುಟ್ಟ ಹಾಗೂ ಅಲ್ಲ. ಕಬ್ಬಿಣದ ಬಾಣಲೆಯನ್ನು ಎಣ್ಣೆಯಿಲ್ಲದೆ ಒಲೆಯ ಮೇಲೆ ಮರೆತುಬಿಟ್ಟರೆ ಮೂಗಿಗೆ ಅಡರುತ್ತದಲ್ಲ, ಅದಕ್ಕೆ ಹತ್ತಿರ. ಹೋದ ತಿಂಗಳು ಮೊಮ್ಮಗಳು ಪವಿತ್ರಳ ಕಾರಿನಲ್ಲಿ ಊಟಿಯಿಂದ ಗೂಡಲೂರಿಗೆ ಒಂದು ಮದುವೆಗೆಂದು ಇಳಿಯುತ್ತಿದ್ದೆ. ನಡುವಟ್ಟಂ ದಾಟಿದ ಮೇಲೆ ಆ ವಾಸನೆ ಒಳಗೆ ಬಂತು. ಮುಂದಿನ ಗಾಡಿಯದು ಅಂದುಕೊಂಡೆ. ಮುಂದೆ ಗಾಡಿಯೇ ಇರಲಿಲ್ಲ. ನಮ್ಮದೇ. ಬೇರೆಯವರಿಗಾದರೆ ಹೆದರಿಕೆಯಾಗುತ್ತಿತ್ತೇನೋ, ನನಗೆ ಆದದ್ದು ಸಿಟ್ಟು. ಆ ಸಿಟ್ಟು ನನ್ನನ್ನು ಸೀದಾ ಹಳೇ ಮನೆಯ ಹಾಲಿಗೆ, ಟಿವಿ ಆಟದ ಆ ಚಕ್ರವಿಲ್ಲದ ಗಾಡಿಗಳ ಮುಂದಕ್ಕೆ ಎಳೆದುಕೊಂಡು ಹೋಗಿ ಕೂರಿಸಿತು.

ಮನೆ ಈಗ ಇಲ್ಲ. ಊಟಿ ಮಾರ್ಕೆಟ್ಟಿನ ಹಿಂದಿನ ಇಳುಕಲಿನಲ್ಲಿತ್ತು. ತಗಡಿನ ಮಾಡು, ಹಲಗೆಯ ನೆಲ. ಒಬ್ಬರು ನಡೆದರೆ ಇಡೀ ಮನೆ ಕೆಮ್ಮುತ್ತಿತ್ತು. ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆಂದು ಬೆಟ್ಟ ಹತ್ತಿದ ನಮ್ಮ ಮಾವನವರು ಕಟ್ಟಿಸಿದ್ದು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾಗಿ ಬಂದಾಗ ತಮಿಳೂ ಬಾರದು, ಚಳಿಯೂ ತಡೆಯದು. ಎರಡೂ ಅಭ್ಯಾಸವಾಯಿತು. ತುಮ್ಮನಟ್ಟಿ, ಇತ್ತಲಾರ್ ಕಡೆಯ ರೈತರು ತಂದಿಳಿಸಿದ ಕ್ಯಾರೆಟ್ಟು, ಕೋಸು, ಆಲೂಗಡ್ಡೆಯ ಮೂಟೆಗಳು ಮುಂದಿನ ಹಾಲಿನಲ್ಲೇ ರಾಶಿ ಬೀಳುತ್ತಿದ್ದವು. ವರ್ಷವಿಡೀ ನಮ್ಮ ಮನೆಗೆ ಒದ್ದೆ ಮಣ್ಣಿನ ವಾಸನೆ. ಹೊಸ ಬಟ್ಟೆ ಉಟ್ಟರೂ ಮಧ್ಯಾಹ್ನದೊಳಗೆ ಆಲೂಗಡ್ಡೆಯ ಹಾಗೆ ನಾರುತ್ತಿದ್ದೆವು. ಆಗ ಅದನ್ನು ಬೈದುಕೊಂಡೇ ಇದ್ದೆ. ಈಗ ಆ ಜಾಗದಲ್ಲಿ ಪ್ರವಾಸಿಗಳ ಕಾರು ನಿಲ್ಲಿಸುತ್ತಾರೆ. ಅಲ್ಲಿ ನಿಂತು ಉಸಿರೆಳೆದರೆ ಪೆಟ್ರೋಲು ಬಿಟ್ಟು ಏನೂ ಸಿಗುವುದಿಲ್ಲ.

ಆ ಮೂಟೆಗಳನ್ನು ನಮ್ಮದೇ ಲಾರಿಯಲ್ಲಿ ಗೂಡಲೂರು, ಬಂಡೀಪುರದ ಮೇಲೆ ಮೈಸೂರಿಗೆ ಮುಟ್ಟಿಸುತ್ತಿದ್ದವರು ನನ್ನ ಯಜಮಾನರು. ಮೀಸೆ ಮೂಡಿದಾಗಿನಿಂದ ಅದು ನರೆಯುವವರೆಗೂ ಅದೇ ದಾರಿ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ಅವರ ಮಾತು. "ಬ್ರೇಕ್ ವಾಸ್ನೆ ಬಂತು ಅಂದ್ರೆ ಸ್ಟೇರಿಂಗ್ ಹಿಡ್ದವ್ನು ಡ್ರೈವರ್ ಅಲ್ಲ ಕಣೇ, ಅವ್ನೂ ಪ್ಯಾಸೆಂಜರ್ರೇ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು: ಬೆಟ್ಟದಲ್ಲಿ ಹತ್ತಿ ಬರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಹತ್ತುವವನು ಲೋಡು ಹೊತ್ತು ಏದುಸಿರು ಬಿಡುತ್ತಾ ಬರುತ್ತಾನೆ, ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಇಳಿಯುವವನಿಗೇನು, ನಿಲ್ಲಬಹುದು. ಕೆಳಗಿನ ತಿರುವಿನಲ್ಲಿ ಒಂದು ಲಾರಿಯ ಮೂತಿ ಕಂಡರೆ ಸಾಕು, ಇವರು ಬದಿಗೆ ಹಾಕಿ ನಿಲ್ಲಿಸಿ, ಬಂದವನಿಗೆ ಕೈ ಎತ್ತಿ, ಅವನು ದಾಟಿದ ಮೇಲೆಯೇ ಹೊರಡುವರು. ನಾನು ಪಕ್ಕದಲ್ಲಿ ಕೂತು ತವರಿಗೆ ಹೋಗುವಾಗ ಆ ನಿಲ್ಲುವಿಕೆಗೆ ಎಷ್ಟು ಸಲ ಗೊಣಗಿದ್ದೇನೋ.

ಮೊದಲ ಮಗ ನಂಜುಂಡ ಮಂಡಿ ವ್ಯಾಪಾರ ನೋಡಿಕೊಂಡ. ಎರಡನೆಯವನು ಕುಮಾರ, ಬಾಯಿ ಜೋರು, ಕೈ ಚುರುಕು. ಅವನಿಗೆ ಲಾರಿಯ ಮೇಲೆ ಕಣ್ಣು. "ಅಪ್ಪ ಓಡ್ಸಿದ್ರೆ ಕ್ಯಾರೆಟ್ಟು ದಾರೀಲೇ ಚಿಗುರ್ಕೊಳ್ತದೆ" ಎಂದು ಬಂದವರ ಮುಂದೆಲ್ಲ ನಗಾಡುತ್ತಿದ್ದ. ಒಂದು ಬೆಳಿಗ್ಗೆ, ದೇವರ ಪಟದ ಕೆಳಗಿನ ಮೊಳೆಯಲ್ಲಿ ತೂಗುತ್ತಿದ್ದ ಲಾರಿ ಕೀ ಅವನ ಅಂಗಿಯ ಜೇಬಿಗೆ ಹೋಯಿತು. ಜಗಳವಾಗಲಿಲ್ಲ, ಮಾತೂ ಆಗಲಿಲ್ಲ. ಇವರು ಹಲ್ಲುಜ್ಜಿ ಬಂದು, ಖಾಲಿ ಮೊಳೆ ನೋಡಿ, ಕಾಫಿ ಕುಡಿದರು. ಅಂದಿನಿಂದ ಶೇವ್ ಮಾಡಿಕೊಳ್ಳುವುದನ್ನು ಬಿಟ್ಟರು. ಲಾರಿ ಮನೆಗೆ ಬಂದಾಗಲೆಲ್ಲ ಅದರ ಚಕ್ರದ ಹತ್ತಿರ ಹೋಗಿ ಮೂಗು ಚಾಚಿ ನಿಲ್ಲುವರು. ಬ್ರೇಕ್ ಸುಟ್ಟ ಆ ವಾಸನೆ ನಮ್ಮ ಮನೆಗೆ ಬಂದದ್ದು ಹಾಗೆ.

ಅದೇ ವರ್ಷ ಕುಮಾರ ಕೊಯಮತ್ತೂರಿನಿಂದ ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ ತಂದ. ಆಗ ಎಲ್ಲೆಲ್ಲೂ ಅದರದೇ ಹುಚ್ಚು. ಜೊತೆಗೆ ಇದ್ದದ್ದು ಒಂದೇ ಸೀಡಿ, ರೇಸಿನ ಆಟ, ಅಗ್ಗದ್ದು. ಅದರ ಗಾಡಿಗಳಿಗೆ ಚಕ್ರವೇ ಇರಲಿಲ್ಲ. ನೆಲದಿಂದ ಒಂದು ಮೊಳ ಮೇಲೆ ತೇಲಿಕೊಂಡು ಹೋಗುತ್ತಿದ್ದವು, ಇಸ್ತ್ರಿಪೆಟ್ಟಿಗೆಗೆ ರೆಕ್ಕೆ ಬಂದ ಹಾಗೆ. "ಮುಂದಿನ ಕಾಲದ್ದಮ್ಮಾ ಇದು. ಭೂಮಿ ಇವನ್ನ ಎಳೆಯೋದೇ ಇಲ್ಲ" ಎಂದ ಕುಮಾರ. ಕ್ಯಾರೆಟ್ ಇಳಿಸಲು ಬಂದಿದ್ದ ಇತ್ತಲಾರಿನ ಬಡಗ ಜನಾಂಗದ ಅಜ್ಜ ಒಬ್ಬರು ಬಾಗಿಲಲ್ಲೇ ನಿಂತು, ತಮ್ಮ ನುಡಿಯಲ್ಲಿ "ಇದುಗ ಗಾಲಿಯೇ ಇಲ್ಲೆ!" ಎಂದು ಬಾಯಿ ಬಿಟ್ಟರು. ಇವರು ಮಾತ್ರ ಬಹಳ ಹೊತ್ತು ನೋಡಿ, "ಚಕ್ರ ನೆಲ ಮುಟ್ದೇ ಇದ್ರೆ ಬ್ರೇಕು ಏನನ್ನ ಹಿಡೀತದೆ?" ಎಂದು ಕೇಳಿದರು.

"ಬ್ರೇಕ್ ಯಾಕಪ್ಪಾ? ಗೆಲ್ಲೋನಿಗೆ ಬ್ರೇಕ್ ಬೇಡ." ಕುಮಾರನ ಬಾಯಿ ತುಂಬ ಉಪ್ಪಿಟ್ಟಿತ್ತು. "ಒಂದ್ಸಲ ಇದ್ರಲ್ಲಿ ನನ್ನ ಸೋಲ್ಸು, ಲಾರಿ ಕೀ ನಿಂಗೇ ಕೊಡ್ತೀನಿ."

ಎಲ್ಲರೂ ನಕ್ಕೆವು. ಇವರು ನಗಲಿಲ್ಲ. ಮರುದಿನ ಶೇವ್ ಮಾಡಿಕೊಂಡು, ಟಿವಿಯ ಮುಂದೆ ಚಾಪೆ ಹಾಕಿ, ಕೈ ಮುಗಿದು ಕೂತರು.

ಗುರು ಪವಿತ್ರ, ನಂಜುಂಡನ ಮಗಳು, ಆಗ ಇನ್ನೂ ಫ್ರಾಕು ಹಾಕುವ ವಯಸ್ಸು. ಸ್ಕೂಲಿನಿಂದ ಬಂದವಳೇ ಚೀಲ ಎಸೆದು ತಾತನ ಪಕ್ಕಕ್ಕೆ ಕೂರುತ್ತಿದ್ದಳು. "ತಾತಾ, ಹಾರ್ನ್ ಹುಡುಕ್ಬೇಡ, ಇದ್ರಲ್ಲಿ ಹಾರ್ನ್ ಇಲ್ಲ!" ಎಂದು ಗದರಿಸುವಳು. "ತಿರುವಲ್ಲಿ ಹಾರ್ನ್ ಇಲ್ದೆ ಹೆಂಗೆ ಮರೀ ಹೋಗೋದು, ಎದುರಿಗೆ ಯಾರಾದ್ರೂ ಬಂದ್ರೆ?" "ಯಾರೂ ಬರಲ್ಲ ತಾತಾ, ಎಲ್ರೂ ಒಂದೇ ಕಡೆಗೆ ಹೋಗೋದು." ಇದು ಅವರಿಗೆ ಕೊನೆಯವರೆಗೂ ನಂಬಿಕೆಯಾಗಲಿಲ್ಲ. ಎದುರಿಗೆ ಯಾರೂ ಬಾರದ ದಾರಿಯನ್ನು ಅವರು ಕಂಡೇ ಇರಲಿಲ್ಲ.

ನಾನು ಅಡಿಗೆಮನೆಯ ಬಾಗಿಲಲ್ಲಿ ಬೀನ್ಸ್ ಬಿಡಿಸುತ್ತಾ ಒಂದು ಮಳೆಗಾಲ ಪೂರ್ತಿ ಆ ಆಟ ನೋಡಿದವಳು. ಆಡದಿದ್ದರೂ ಅದರ ಹುಳುಕು ನನಗೆ ಗೊತ್ತು. ಇದ್ದದ್ದೇ ನಾಲ್ಕಾರು ದಾರಿ. ಅವನ್ನೇ ಬಣ್ಣ ಬದಲಿಸಿ ಹೊಸದೆಂದು ತೋರಿಸುತ್ತಿದ್ದರು, ಹಳೇ ಸೀರೆಗೆ ಹೊಸ ಅಂಚು ಹೊಲಿದ ಹಾಗೆ. ಸಂಗೀತ ಒಂದೇ, ಖಾಲಿ ಡಬ್ಬ ಬಡಿದಂತೆ. ಮಲಗಿದರೂ ಕಿವಿಯಲ್ಲಿ ಅದೇ. ದಾರಿಯ ಆಚೆ ಊರಿಲ್ಲ, ಜನರಿಲ್ಲ, ಒಂದು ಟೀ ಅಂಗಡಿಯೂ ಇಲ್ಲ. ಗಾಡಿಗೆ ತೂಕವಿಲ್ಲ, ಹತ್ತುವಾಗ ಉಬ್ಬಸವಿಲ್ಲ, ಇಳಿಯುವಾಗ ಭಯವಿಲ್ಲ. ಗೋಡೆಗೆ ಗುದ್ದಿದರೆ ಠಣ್ ಎಂದು ಕಿಡಿ ಹಾರಿ ಮತ್ತೆ ದಾರಿಗೇ ಬೀಳುತ್ತಿತ್ತು. ಕುಮಾರ ತಿರುವು ಬಂದರೆ ತಿರುಗಿಸುತ್ತಲೇ ಇರಲಿಲ್ಲ, ಗೋಡೆಗೆ ಒರಗಿಕೊಂಡೇ ಹೋಗುತ್ತಿದ್ದ. ತಪ್ಪು ಮಾಡಿದವನಿಗೆ ಪೆಟ್ಟಿಲ್ಲದ ಆಟ ಎಂಥಾ ಆಟ? ಒಳ್ಳೆಯದನ್ನೂ ಹೇಳಬೇಕು. ಅಲ್ಲಿ ಮಂಜು ಕವಿಯುತ್ತಿರಲಿಲ್ಲ, ಮುಂದಿನ ತಿರುವು ದೂರದಿಂದಲೇ ಕಾಣುತ್ತಿತ್ತು. ಗುಂಡಿ ಒತ್ತಿದ ತಕ್ಷಣ ಗಾಡಿ ಮಾತು ಕೇಳುತ್ತಿತ್ತು. ನಮ್ಮ ಲಾರಿಗಿಂತ ವಾಸಿ, ನಾನು ಹೆತ್ತ ಮಕ್ಕಳಿಗಿಂತಲೂ ವಾಸಿ. ಪರದೆಯನ್ನು ಮೇಲೆ ಕೆಳಗೆ ಎರಡು ಪಾಲು ಮಾಡಿ, ಮಾತು ಕಡಿಮೆಯಾಗಿದ್ದ ಅಪ್ಪ ಮಗನನ್ನು ಒಂದೇ ಚಾಪೆಯ ಮೇಲೆ ಕೂರಿಸುತ್ತಿತ್ತು. ಮಂಡಿ ಮಡಚಿ ಕೂತುಬಿಟ್ಟಿದ್ದ ಮುದುಕನನ್ನು ಮತ್ತೆ ಬೆನ್ನು ನೆಟ್ಟಗೆ ಮಾಡಿಸಿತ್ತು. ಅದಕ್ಕಾಗಿ ಆ ಡಬ್ಬದ ಸಂಗೀತವನ್ನು ಸಹಿಸಿದೆ.

ಗೋಡೆ ಮುಟ್ಟದೆ ಓಡಿಸುವುದನ್ನು ಇವರು ಕಲಿತರು. ಹಾಗೆ ಓಡಿಸಿದರೆ ಗಾಡಿ ಒಂದು ಕೂದಲೆಳೆಯಷ್ಟು ಜೋರಾಗಿ ಹೋಗುತ್ತದೆ ಎಂದು ಪವಿತ್ರಳೇ ಕಂಡುಹಿಡಿದಳು. "ತಾತ ಗೆಲ್ತಾರೆ ಅಜ್ಜೀ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಟ್ರಂಕಿನಿಂದ ಅವರ ಖಾಕಿ ಅಂಗಿ ತೆಗೆದು ಒಗೆದು ಇಟ್ಟೆ. ಒಂದೇ ಒಂದು ಟ್ರಿಪ್ಪು ಹೋಗಿಬರಲಿ ಎಂದು.

ಆಯುಧಪೂಜೆಯ ದಿನ ಲಾರಿ ತೊಳೆದು, ಕುಂಬಳಕಾಯಿ ಒಡೆದು, ಸೇವಂತಿಗೆ ಹಾರ ಹಾಕಿ ಬಾಗಿಲ ಮುಂದೆ ನಿಲ್ಲಿಸಿತ್ತು. ಕೀಯನ್ನು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದೆವು. ಪೂಜೆ ಮುಗಿದ ಮೇಲೆ ಇವರು, "ಬಾರೋ ಕುಮಾರಾ, ಇವತ್ತು ಆಡಾಣ" ಎಂದರು. ಅವನಿಗೆ ತನ್ನ ಮಾತು ಮರೆತೇಹೋಗಿತ್ತು. ಪವಿತ್ರ ನೆನಪು ಮಾಡಿದಳು. "ಓಹೋ! ಬಾರಪ್ಪಾ" ಎಂದು ಕೂತ.

ಕೊನೆಯ ಸುತ್ತಿನವರೆಗೂ ಕುಮಾರನ ಗಾಡಿ ಸ್ವಲ್ಪ ಮುಂದೆ, ಇವರದು ಹಿಂದೆಯೇ. ಕೊನೆಯದು ಒಂದು ಉದ್ದನೆಯ ಇಳಿಜಾರು, ಅದರ ಬುಡದಲ್ಲಿ ಗೆಲ್ಲುವ ಗೆರೆ. ಆ ಇಳಿಜಾರಿನ ನಡುವೆ ಕುಮಾರ ಎಂದಿನ ಹಾಗೆ ಗೋಡೆಗೆ ಗುದ್ದಿದ, ಗಾಡಿ ಗಿರ್ರನೆ ತಿರುಗಿ ಬಂದ ದಿಕ್ಕಿಗೇ ಮುಖ ಮಾಡಿತು. ಅವನಿಗೆ ಗೊತ್ತಾಗಲಿಲ್ಲ, ಒತ್ತುತ್ತಲೇ ಇದ್ದ, ಗಾಡಿ ಬಂದ ದಾರಿಯಲ್ಲೇ, ಇವರ ಎದುರಿಗೆ, ಮೇಲೇರತೊಡಗಿತು. ಇವರು ಸುಮ್ಮನೆ ಪಕ್ಕದಲ್ಲಿ ಜಾರಿಕೊಂಡು ಹೋಗಿದ್ದರೆ ಮುಗಿದಿತ್ತು. ಪವಿತ್ರ ಎದ್ದು ನಿಂತು, "ಒತ್ತು ತಾತಾ, ಒತ್ತು!" ಎಂದು ಕಿರುಚಿದಳು. ಇವರ ಬೆರಳು ಗುಂಡಿಯಿಂದ ಮೇಲೆದ್ದಿತು. ಗಾಡಿ ಬದಿಗೆ ಸರಿಯಿತು. ನಿಂತಿತು. ಖಾಲಿ ಕೈಯೊಂದು ತಾನಾಗಿ ಸ್ವಲ್ಪ ಮೇಲಕ್ಕೆ ಎದ್ದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಕುಮಾರ ಎಚ್ಚೆತ್ತು, ಗಾಡಿ ತಿರುಗಿಸಿಕೊಂಡು, ಇವರ ಮುಂದೆಯೇ ಇಳಿದು ಗೆರೆ ದಾಟಿದ.

"ಯಾಕ್ ತಾತಾ ನಿಲ್ಸ್ದೆ?" ಹುಡುಗಿಗೆ ಅಳು ಬಂದಿತ್ತು.

"ಹತ್ತೋ ಗಾಡಿ ಬಂತಲ್ಲಮ್ಮಾ" ಎಂದರು.

ಕುಮಾರ ಹಲಗೆ ನೆಲ ಬಡಿದು ಬಡಿದು ನಕ್ಕ. ನಂಜುಂಡನೂ ನಕ್ಕ. ನಾನು, "ಒಂದು ಟ್ರಿಪ್ಪು ಕೊಡೋ ಅವರಿಗೆ, ನಿನ್ನ ಗಂಟೇನು ಹೋಗ್ತದೆ?" ಎಂದೆ. "ಅಮ್ಮಾ, ತಮಾಷೆಗೆ ಅಂದಿದ್ದು. ಗೆದ್ದಿದ್ರೂ ಕೊಡ್ತಿದ್ನಾ? ಇಲ್ದೇ ಇರೋ ಗಾಡಿಗೆ ದಾರಿ ಬಿಡೋರ ಕೈಗೆ ಲೋಡ್ ಕೊಡಕ್ಕಾಯ್ತದಾ?" ಎಂದು ತಟ್ಟೆಯಿಂದ ಕೀ ತೆಗೆದುಕೊಂಡು, ಕುಂಕುಮವನ್ನು ಪ್ಯಾಂಟಿಗೆ ಒರೆಸಿ, ಚಕ್ರದ ಕೆಳಗೆ ಇಟ್ಟಿದ್ದ ನಿಂಬೆಹಣ್ಣು ತುಳಿಸಲು ಹೊರಗೆ ಹೋದ. ಇವರು ಅಲ್ಲೇ ಚಾಪೆಯ ಮೇಲಿದ್ದರು. ಎಲ್ಲವೂ ಕೇಳಿಸಿತು. ಮರುದಿನ ಇಕ್ಕಳ ತೆಗೆದುಕೊಂಡು ದೇವರ ಪಟದ ಕೆಳಗಿನ ಆ ಮೊಳೆಯನ್ನು ಕಿತ್ತರು. ಗೋಡೆಯ ತೂತಿಗೆ ಸೋಪು ಮೆತ್ತಿ, ಬೆರಳಲ್ಲಿ ಒರೆಸಿ ಸಮ ಮಾಡಿದರು. ಖಾಕಿ ಅಂಗಿಯನ್ನು ನಾನು ಅಡಿಗೆಮನೆಯ ಮಸಿಬಟ್ಟೆ ಮಾಡಿಕೊಂಡೆ. ಇನ್ನೇನು ಮಾಡಬೇಕಿತ್ತು?

ಕುಮಾರ ಲಾರಿ ಬೀಳಿಸಿದನೆಂದು ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ವರ್ಷಗಟ್ಟಲೆ ವಾಸನೆ ಬರಿಸಿಕೊಂಡೇ ಇಳಿಸಿದ, ಏನೂ ಆಗಲಿಲ್ಲ. ಲೋಡು ಬೇಗ ಮುಟ್ಟಿತು, ಎಲ್ಲರೂ ಅವನನ್ನು ಹೊಗಳಿದರು. ಗೋಡೆಗೆ ಗುದ್ದಿದವನಿಗೆ ಪೆಟ್ಟಿಲ್ಲ ಎನ್ನುವುದು ಆ ಆಟದ ದೋಷವೆಂದು ತಿಳಿದಿದ್ದೆ. ಲೋಕವೂ ಹಾಗೇ ಇತ್ತು. ಇವರು ಮತ್ತೆ ಶೇವ್ ಮಾಡಿಕೊಳ್ಳದೆ ಒಂದು ಚಳಿಗಾಲ ಕಳೆದು, ಇನ್ನೊಂದರ ನಡುವೆ ಹೋದರು. ಅಣ್ಣತಮ್ಮಂದಿರು ಮನೆ ಮಾರಿ ಹಂಚಿಕೊಂಡರು. ಪೆಟ್ಟಿಗೆ, ಸೀಡಿ, ಚಾಪೆ ಎಲ್ಲ ಗುಜರಿಗೆ ಹೋಯಿತು.

ಹೋದ ತಿಂಗಳ ಆ ದಿನ ಪವಿತ್ರ ಕಾರು ಓಡಿಸುತ್ತಾ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟರೆ ಅದೇ ಖಾಲಿ ಡಬ್ಬದ ಸಂಗೀತ. "ಅಜ್ಜೀ, ನಮ್ಮನೇಲಿ ಒಂದು ರೇಸ್ ಗೇಮ್ ಇತ್ತಲ್ಲ, ಹಾರೋ ಗಾಡಿಗಳದ್ದು! ಎಷ್ಟು ಆಡ್ತಿದ್ವಿ" ಎಂದಳು. ತಾತ ಆಡಿದ್ದು ನೆನಪಿದೆಯೇ ಎಂದು ಕೇಳಿದೆ. "ತಾತಾನಾ?" ಎಂದು ನಕ್ಕಳು. "ಚಿಕ್ಕಪ್ಪ ಆಡ್ತಿದ್ರು. ತಾತ ಸುಮ್ನೆ ನೋಡ್ಕೊಂಡು ಕೂತಿರ್ತಿದ್ರು, ಅಲ್ವಾ?"

ಬ್ರೇಕಿನ ವಾಸನೆ ಗಂಟಲಿಗಿಳಿದಿತ್ತು. ಕೆಳಗಿನ ತಿರುವಿನಲ್ಲಿ ಗೂಡಲೂರಿನಿಂದ ಬರುವ ಬಸ್ಸು ಜನ ತುಂಬಿಕೊಂಡು, ಹೊಗೆ ಕಾರುತ್ತಾ, ಮೆಲ್ಲಗೆ ಹತ್ತಿ ಬರುತ್ತಿತ್ತು. ನನ್ನ ಕೈ ತಾನಾಗಿ ಸ್ವಲ್ಪ ಮೇಲೆದ್ದಿತು. ಪವಿತ್ರ ದೀಪ ಮಿನುಗಿಸಿ, ಹಾರ್ನ್ ಒತ್ತಿ ಹಿಡಿದು, ವೇಗ ಇಳಿಸದೆ ನುಗ್ಗಿದಳು. ಹತ್ತಿ ಬರುತ್ತಿದ್ದವನು ನಡು ಏರಿನಲ್ಲಿ ನಿಂತ. ಇಳಿಯುತ್ತಿದ್ದ ನಾವು ಹೋದೆವು.