ಹಸಿರು ಗರಿ ಸುಲಿದ ವರ್ಷ

ದ್ಯುತಿಸಂಶ್ಲೇಷಣೆ ಎಂಬ ಪದವನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಆ ದೇವರೇ ಬಲ್ಲ. ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ಮನೆ ಹೊಳಲು ಎಂಬ ಹಳ್ಳಿಯಲ್ಲಿ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಎಲೆಯ ಚಿತ್ರ ಬರೆಯುವಷ್ಟರಲ್ಲಿ ಭುಜ ನೋಯುತ್ತದೆ, ಸಮೀಕರಣ ಬರೆಯುವಷ್ಟರಲ್ಲಿ ಮಂಡಿ. ಎಲೆಯ ಹಸಿರು ಬಿಸಿಲನ್ನು ಹಿಡಿಯುತ್ತದೆ, ಆ ಬಲದಿಂದ ನೀರು ಒಡೆಯುತ್ತದೆ, ಆಮ್ಲಜನಕ ಆಚೆ ಹೋಗುತ್ತದೆ, ಉಳಿದದ್ದು ಗಾಳಿಯ ಇಂಗಾಲದ ಡೈಆಕ್ಸೈಡಿನ ಜೊತೆ ಕೂಡಿ ಸಕ್ಕರೆಯಾಗುತ್ತದೆ, ಬಿಸಿಲಿನ ಶಕ್ತಿ ಸಕ್ಕರೆಯೊಳಗೆ ಸೇರಿಕೊಂಡು ಕೂತುಬಿಡುತ್ತದೆ. ಇಷ್ಟನ್ನು ಹೇಳಿ ತಿರುಗಿದರೆ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ: "ಮಿಸ್, ಇದು ಪರೀಕ್ಸೆಗೆ ಬತ್ತದಾ?" ಬರುತ್ತದೆ ಕಣಪ್ಪ, ಬರ್ಕೋ.

ಹೀಗೆ ವರ್ಷಗಟ್ಟಲೆ ಹೇಳಿದ ಪಾಠವನ್ನು, ಹೇಳಲೇಬೇಕಾಗಿದ್ದ ಒಬ್ಬಳಿಗೆ ನಾನು ಹೇಳಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ಅವಳು ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುವುದು. ಗಂಡ ತೀರಿಕೊಂಡ ಮೇಲೆ ಒಂದು ಹಸು ಹೊಡೆದುಕೊಂಡು ತೌರಿಗೆ ಬಂದಳು. ಬಂದ ವಾರಕ್ಕೇ ಜಗಲಿಯ ಮೇಲೆ ಕೂತು, ನಾಲೆ ಬದಿಯ ಹತ್ತು ಗುಂಟೆ ತನಗೆ ಬೇಕು ಎಂದಳು. ನನ್ನ ಭಾವ, ಅಂದರೆ ಗಂಡನ ಅಣ್ಣ, ಒಡಹುಟ್ಟಿದವರಲ್ಲೆಲ್ಲ ದೊಡ್ಡವರು, ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ಒಂದ್ ಬೆಳೆ ಕಬ್ಬು ಬೆಳ್ದು, ಆಲೆಮನೇಲಿ ನಿನ್ ಕೈಯಾರ ಬೆಲ್ಲ ಇಳಿಸು. ಅಚ್ಚು ಗಟ್ಟಿಯಾಗಿ ಬಿದ್ರೆ ಭೂಮಿ ನಿಂದೇ. ಇಲ್ದಿದ್ರೆ ನಮ್ ಗದ್ದೇಗೆ ಸೇರುಸ್ಕೋತೀನಿ. ಆಮ್ಯಾಕೆ ಕ್ಯಾತೆ ತೆಗೀಬಾರ್ದು" ಎಂದರು. ಹೆಣ್ಣುಮಕ್ಕಳಿಗೂ ಪಾಲಿದೆಯಲ್ಲ, ಕಾನೂನೇ ಇದೆ ಎಂದು ನಾನು ಬಾಯಿ ತೆರೆದೆ. ಅಕ್ಕನೇ ತಡೆದಳು. "ಬುಡು, ಬೆಳ್ದೇ ತೋರುಸ್ತೀನಿ."

ಬೆಳೆದಳು ಕೂಡ. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅವಳು ಗದ್ದೆಯಲ್ಲಿರುತ್ತಿದ್ದಳು, ನಾನು ಇಳಿಯುವ ಹೊತ್ತಿಗೂ ಗದ್ದೆಯಲ್ಲೇ. ಸಗಣಿ ಗೊಬ್ಬರ ತಲೆಯ ಮೇಲೆ ಹೊತ್ತಳು. ನೀರಿನ ಸರದಿಗೆ ಗಂಡಸರ ಜೊತೆ ಸರಿಸಮ ಜಗಳಕ್ಕೆ ನಿಂತಳು. ಎಂಟು ತಿಂಗಳಿಗೆ ಕಬ್ಬು ಆಳೆತ್ತರ ದಾಟಿತ್ತು. ಭಾವ ಒಂದು ದಿನ ಬದುವಿನ ಮೇಲೆ ನಿಂತು ನೋಡಿ, ಏನೂ ಅನ್ನದೆ ಹೋದರು. ಅವರು ಏನೂ ಅನ್ನದಿದ್ದರೆ ಮೆಚ್ಚಿದ್ದಾರೆ ಎಂದೇ ಅರ್ಥ.

ಆಗ ಶುರುವಾಯಿತು ಸುಲಿಯುವ ಕೆಲಸ. ಕಬ್ಬಿನ ಬುಡದ ಒಣಗಿದ ತರಗನ್ನು ಎಲ್ಲರೂ ಸುಲಿಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಅಕ್ಕ ತರಗಿಗೆ ನಿಲ್ಲಿಸಲಿಲ್ಲ. ಹಸಿರು ಗರಿಗಳನ್ನೂ ಕೆಳಗಿನಿಂದ ಮೇಲಕ್ಕೆ ಸುಲಿಯುತ್ತಾ ಹೋದಳು. ಹಸು ಕರು ಹಾಕಿತ್ತು, ಹಸಿ ಮೇವು ಬೇಕಿತ್ತು ಎಂಬುದು ಒಂದು ಕಾರಣ. ಇನ್ನೊಂದನ್ನು ಅವಳೇ ನನಗೆ ಹೇಳಿದಳು. ಒಂದು ಸಂಜೆ ಬಸ್ಸಿಳಿದು ಗದ್ದೆ ಬದಿಯಲ್ಲಿ ಬರುತ್ತಿದ್ದೆ. ಅವಳು ಗರಿಯ ಹೊರೆ ಕಟ್ಟುತ್ತಿದ್ದಳು. ಕಬ್ಬಿನ ಜಲ್ಲೆಗಳು ಬೋಳಾಗಿ ನಿಂತು, ಒಂದೊಂದರ ತುದಿಯಲ್ಲೂ ಮೂರೋ ನಾಲ್ಕೋ ಗರಿ ಉಳಿದಿದ್ದವು.

"ಎಂಗದೆ ನೋಡಮ್ಮಿ! ಈ ಗರಿ ಎಲ್ಲಾ ನೆಳ್ಳು ಮಾಡ್ಕೊಂಡು ನಿಂತಿದ್ವು. ಈಗ ಜಲ್ಲೆಗೆ ಬಿಸ್ಲು ನೆಟ್ಟಗೆ ಬೀಳ್ತದೆ. ಬಿಸ್ಲು ಕುಡುದ್ರೆ ತಾನೆ ಕಬ್ಬು ಸೀ ಆಗೋದು?"

ನಾನು ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ನಿಂತೆ. ಬಿಸಿಲಿನಿಂದಲೇ ಸಿಹಿ ಎಂಬುದು ಅವಳಿಗೆ ಗೊತ್ತಿತ್ತು! ನನ್ನ ಹತ್ತನೇ ಕ್ಲಾಸಿನ ಅರ್ಧ ಮಕ್ಕಳಿಗೆ ಗೊತ್ತಿಲ್ಲದ್ದು. ಬಿಸಿಲು ಕುಡಿಯುವುದು ಜಲ್ಲೆಯಲ್ಲ, ಗರಿ ಎಂಬುದೊಂದೇ ಗೊತ್ತಿರಲಿಲ್ಲ. ಸಕ್ಕರೆ ತಯಾರಾಗುವುದು ಗರಿಯಲ್ಲಿ, ಅದು ಇಳಿದು ಬಂದು ಜಲ್ಲೆಯಲ್ಲಿ ತುಂಬಿಕೊಳ್ಳುತ್ತದೆ. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವತ್ತು ಆರು ಪೀರಿಯಡ್ಡು ನಿಂತುಕೊಂಡೇ ಪಾಠ ಮಾಡಿದ್ದೆ. ಹೇಳಿದರೆ ಯಾಕೆ ಅನ್ನುತ್ತಾಳೆ, ಹೆಂಗೆ ಅನ್ನುತ್ತಾಳೆ, ಮತ್ತೆ ಎಲೆಯ ಚಿತ್ರದಿಂದ ಶುರು ಮಾಡಬೇಕು. ಅಯ್ಯೋ, ನಾಳೆ ಹೇಳಿದರಾಯಿತು. "ಚೆನ್ನಾಗಿದೆ ಅಕ್ಕ" ಎಂದೆ.

ಆ ನಾಳೆ ಬರಲಿಲ್ಲ. ಅವಳು ಎರಡು ದಿನಕ್ಕೊಂದು ಹೊರೆ ಸುಲಿದಳು. ಆ ಗರಿ ತಿಂದ ಹಸುವಿನ ಹಾಲಿನಲ್ಲೇ ನಾನು ಎರಡು ಹೊತ್ತು ಕಾಫಿ ಕುಡಿದೆ. ಇಡೀ ಊರೇ ಮೇವಿಗೆ ಒಂದಿಷ್ಟು ಗರಿ ಎಳೆಯುತ್ತದೆ, ಇವಳದ್ದೊಂದು ಏನು ಮಹಾ ಎಂದು ಸಮಾಧಾನ ಹೇಳಿಕೊಂಡೆ. ಒಳಗೆ ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇವಳಿಗೆಲ್ಲಿ ತಲೆಗೆ ಹೋಗುತ್ತದೆ ಎಂಬ ಅಸಡ್ಡೆಯೂ ನನಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಕಬ್ಬು ಆಲೆಮನೆಗೆ ಹೋಯಿತು. ನನಗೂ ಅರ್ಧ ದಿನದ ಸ್ಕೂಲು, ಮಧ್ಯಾಹ್ನ ನೇರ ಅಲ್ಲಿಗೇ ಹೋದೆ. ಅಕ್ಕ ಹೊಸ ಸೀರೆ ಉಟ್ಟಿದ್ದಳು. ಭಾವ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಗಾಣದಿಂದ ಇಳಿದ ರಸ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಪಾಕ ನೋಡುವ ಮುದುಕಪ್ಪ ಸೌಟಿನಲ್ಲಿ ಒಂದಿಷ್ಟು ಎತ್ತಿ ನೀರಿನ ಬಟ್ಟಲಿಗೆ ಬಿಟ್ಟರು. ಹದ ಬಂದಿದ್ದರೆ ಅದು ಉಂಡೆಯಾಗಿ ಬೆರಳಿಗೆ ಸಿಗಬೇಕು. ಸಿಗಲಿಲ್ಲ. ಕರಗಿತು. ಇನ್ನೊಂದಿಷ್ಟು ಕುದಿಸಿದರು, ಮತ್ತೆ ಬಿಟ್ಟರು, ಮತ್ತೆ ಕರಗಿತು. ಕೊನೆಗೆ ಪಾಕ ಕಪ್ಪಗಾಗಿ ಸೀದ ವಾಸನೆ ಬರತೊಡಗಿತು. ವಿಧಿಯಿಲ್ಲದೆ ಅಚ್ಚಿಗೆ ಸುರಿದರು. ಆರಿದ ಮೇಲೆ ಅಕ್ಕನೇ ಅಚ್ಚು ಕವುಚಿದಳು. ಬೆಲ್ಲ ಅಂಬಲಿಯ ಹಾಗೆ ಹಲಗೆಯ ಮೇಲೆ ಹರಡಿಕೊಂಡಿತು.

"ರಸದಾಗೆ ಸಕ್ರೇನೇ ಇಲ್ಲ ಕಣವ್ವ" ಎಂದರು ಮುದುಕಪ್ಪ. "ಗೊಬ್ರ ಜಾಸ್ತಿ ಉಯ್ದಿದ್ದಾ?"

"ಸಗಣಿ ಬುಟ್ರೆ ಇನ್ನೇನೂ ಆಕಿಲ್ಲ ಕಣಪ್ಪೋ." ಅಕ್ಕ ತನ್ನ ಅಂಗೈಗಳನ್ನೇ ನೋಡಿಕೊಂಡಳು. "ನನ್ ಕೈಯೇ ಸರಿ ಇಲ್ವೇನೋ."

ಆಗ ತಡೆಯಲಾಗಲಿಲ್ಲ ನನಗೆ. "ಕೈಯಲ್ಲ ಅಕ್ಕ, ಗರಿ! ಹಸಿರು ಗರಿ ಸುಲಿದದ್ದಕ್ಕೇ ಹಿಂಗಾಗಿದ್ದು. ಗರಿ ಬಿಟ್ಟಿದ್ದರೆ ಕಬ್ಬು ಸಿಹಿಯಾಗ್ತಿತ್ತು. ಭಾವ, ಇನ್ನೊಂದು ಬೆಳೆ ಅವಕಾಶ ಕೊಡಿ, ಖಂಡಿತ ಬೆಲ್ಲ ಆಗುತ್ತೆ" ಎಂದೆ.

ಭಾವ ಕಂಬ ಬಿಟ್ಟು ಈಚೆ ಬಂದರು. "ಗರಿ ಸುಲುದಿದ್ದು ಈವೊತ್ತಾ ಟೀಚರಮ್ಮ? ಗೊತ್ತಿದ್ದೋರು ಆವತ್ತೇ ಯೋಳ್ಬೇಕಾಗಿತ್ತು." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡರು. "ಮಾತು ಮಾತೇ. ಮುಂದಿನ ವಾರ ನಮ್ ಗದ್ದೇಗೆ ಸೇರ್ಸಿ ಉಳುಮೆ ಮಾಡುಸ್ತೀನಿ." ಹತ್ತು ಗುಂಟೆ ಅಲ್ಲಿಗೆ ಮುಗಿಯಿತು.

ಮನೆ ಕಡೆ ನಾವಿಬ್ಬರೇ ನಡೆದೆವು. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ನಾಲೆಯ ಮೋರಿಯ ಹತ್ತಿರ ನಿಂತು, "ಗರಿಗೂ ಸೀಗೂ ಏನಮ್ಮಿ ಸಂಬಂಧ? ಈಗಾದ್ರೂ ಯೋಳು" ಎಂದಳು.

ಹೇಳಿದೆ. ಚಿತ್ರ ಬೇಕಾಗಲಿಲ್ಲ. ಪಕ್ಕದ ಗದ್ದೆಯ ಕಬ್ಬಿನಿಂದ ಒಂದು ಗರಿ ಕಿತ್ತು ಕೈಯಲ್ಲಿ ಹಿಡಿದು, ಬಿಸಿಲು ಇದರ ಹಸಿರಿಗೆ ಸಿಕ್ಕುತ್ತದೆ, ಬೇರಿನಿಂದ ನೀರು ಬರುತ್ತದೆ, ಗಾಳಿ ಇಲ್ಲಿಂದ ಒಳಗೆ ಹೋಗುತ್ತದೆ, ಇಲ್ಲೇ ಸಕ್ಕರೆ ಆಗುತ್ತದೆ, ಆಮೇಲೆ ಜಲ್ಲೆಗೆ ಇಳಿಯುತ್ತದೆ ಎಂದೆ. ಅವಳು ಗರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಅಂದ್ರೆ ಅಡ್ಗೆ ಆಗೋದು ಇಲ್ಲಿ. ಜಲ್ಲೆ ಬರೀ ಕಣಜ. ನಾನು ಒಲೇನೇ ಕಿತ್ತು ಅಸುವಿನ್ ಮುಂದೆ ಆಕ್ಬುಟ್ಟೆ."

ಇಷ್ಟು ಸಲೀಸಾಗಿ ಯಾವ ವಿದ್ಯಾರ್ಥಿಯೂ ನನಗೆ ಉತ್ತರ ಹೇಳಿರಲಿಲ್ಲ. ನಾನು ಹೇಳಲು, ಅವಳಿಗೆ ತಿಳಿಯಲು ಐದು ನಿಮಿಷ ಹಿಡಿಯಲಿಲ್ಲ. ನನಗೆ ಅಳು ಬಂತು.

"ಇಷ್ಟೇಯಾ?" ಎಂದಳು.

"ಇಷ್ಟೇ ಅಕ್ಕ."

"ಊರ್ ಮಕ್ಳಿಗೆಲ್ಲಾ ಯೋಳ್ತೀಯ. ನಂಗ್ ಯೋಳಕ್ಕೆ ಏನಾಗಿತ್ತಮ್ಮಿ ನಿಂಗೆ?"

ಅಸಡ್ಡೆಯ ಕಾರಣವನ್ನು ಮುಚ್ಚಿಟ್ಟೆ. ಸುಲಭದ್ದನ್ನು ಹೇಳಿದೆ. "ದಿನಾ ಸುಸ್ತಾಗಿರ್ತಿತ್ತು ಅಕ್ಕ."

ಅವಳು ಗರಿಯನ್ನು ನಾಲೆಗೆ ಬಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು, ದನಿ ಏರಿಸದೆ, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು:

"ನಂಗೆ ಸುಸ್ತಾಗಿರ್ನಿಲ್ವಾ?"