ಬಚ್ಚಲಿಗೊಂದು ಯಕಾರಾಗಮ

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ. ನನಗಾಗ ನಲವತ್ತೇಳು ವರ್ಷ. ಅಷ್ಟು ವಯಸ್ಸಾಗುವವರೆಗೆ ಬಗೆಬಗೆಯ ನಾದಗಳಿಗೆ ಕಿವಿಗೊಟ್ಟಿದ್ದ ನಾನು, ಮಿಂದ ನೀರು ಬಚ್ಚಲಿನಿಂದ ಹೊರಡುವಾಗ ಮಾಡುವ ಸದ್ದನ್ನು ಮಾತ್ರ ಒಮ್ಮೆಯೂ ಆಲಿಸಿರಲಿಲ್ಲ. ನೀವೂ ಆಲಿಸಿರಲಾರಿರಿ, ವಾಚಕ ಮಹಾಶಯರೇ. ಬರುವ ನೀರನ್ನು ಗಂಗೆಯೆಂದು ಕರೆದು ಕೈಮುಗಿಯುವ ನಾವು, ಹೋಗುವ ನೀರಿಗೆ ಒಂದು ಹೆಸರನ್ನಾದರೂ ಇಟ್ಟಿದ್ದೇವೆಯೇ? ಕರ್ತೃವಾಗಿ ಬಂದದ್ದು ಅನಾಮಧೇಯವಾಗಿ ಹೋಗುತ್ತದೆ. ಹೋಗದೆ ನಿಂತಾಗ ಮಾತ್ರ ಅದು ನಮ್ಮ ಪಾದಗಳನ್ನೇ ಹಿಡಿದುಕೊಂಡು ತನ್ನ ಇರವನ್ನು ಅರಿಕೆ ಮಾಡಿಕೊಳ್ಳುತ್ತದೆ.

ಆ ಹೊತ್ತಿಗೆ ನಾನು ಶಾಲೆಯ ಕೆಲಸವನ್ನು ಬಿಟ್ಟು ಶಿರಸಿಯ ಒಂದು ಚಿಕ್ಕ ಛಾಪಖಾನೆಯಲ್ಲಿ ಕರಡು ತಿದ್ದುವವನಾಗಿದ್ದೆ. ಕೈಯಲ್ಲಿದ್ದ ಬೆತ್ತ ಹೋಗಿ ಕೆಂಪು ಶಾಯಿಯ ಲೇಖನಿ ಬಂದಿತ್ತು. ಏಟು ತಿನ್ನುವವರು ಬದಲಾಗಿದ್ದರು, ಅಷ್ಟೆ. ಮದುವೆಯ ಕರೆಯೋಲೆಯಲ್ಲಿ ‘ಶುಭ’ ಎಂಬುದರ ಮಹಾಪ್ರಾಣ ತಪ್ಪಿದರೆ ಆ ದಾಂಪತ್ಯವೇ ಅಲ್ಪಪ್ರಾಣವಾದೀತೆಂದು ನಾನು ನಿಜಕ್ಕೂ ಹೆದರುತ್ತಿದ್ದೆ. ಎರಡು ವರ್ಷಗಳ ಹಿಂದೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿ, ಕಾಗದಪತ್ರಗಳಲ್ಲಿ ಗಟಾರವಿದ್ದದ್ದು ಚರಂಡಿಯಾದಾಗ ಸಂತೋಷಪಟ್ಟ ಕೆಲವೇ ಜನರಲ್ಲಿ ನಾನೊಬ್ಬ. ನೀರಿಗೆ ಈ ಭಾಷಾಂತರದ ಸುದ್ದಿ ತಲುಪಿರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಮಾಸ್ತರಿಕೆಯ ಕಾಲದಲ್ಲಿ ಯಲ್ಲಾಪುರ ತಾಲೂಕಿನ ವಜ್ರಳ್ಳಿಯಿಂದ ಸಿದ್ದಾಪುರ ತಾಲೂಕಿನ ಹೆಗ್ಗರಣೆಯವರೆಗೆ ಎಲ್ಲಿ ವರ್ಗವಾದರೂ, ಯಾರದೋ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದವನು ನಾನು. ನನ್ನ ತಾಯಿ, ಅಂದರೆ ನಮ್ಮ ಆಯಿ, ಯಲ್ಲಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಮಡಿಯ ವಿಷಯದಲ್ಲಿ ಆಕೆ ನನ್ನ ವ್ಯಾಕರಣಕ್ಕಿಂತಲೂ ಬಿಗಿ. ಕಂಡವರ ಬಚ್ಚಲಿನಲ್ಲಿ ಮೀಯಲೊಲ್ಲದವಳು. ಆದಕಾರಣ ಹಿರಿಯ ಮಗನಾದ ನನ್ನ ಸೂರಿನ ಕೆಳಗೆ ಆಕೆ ಒಂದು ಹಬ್ಬವನ್ನೂ ಕಳೆದಿರಲಿಲ್ಲ. ಕೊನೆಗೂ ಶಿರಸಿಯಲ್ಲಿ ನಾನೊಂದು ಹೆಂಚಿನ ಮನೆಯನ್ನು ಕಟ್ಟಿಸಿ, ದಸರೆ ಮುಗಿಯುತ್ತಲೇ ಆಯಿಯನ್ನು ಕರೆತಂದೆ. ಬಸ್ಸಿನಿಂದ ಇಳಿಯುವಾಗಲೇ ಆಕೆ, ಈ ವರ್ಷದ ದೀಪಾವಳಿಯ ಎಣ್ಣೆಸ್ನಾನ ನಿನ್ನ ಮನೆಯಲ್ಲೇ ಎಂದಳು. ಆ ಮಾತನ್ನು ಕೇಳಿದ ನನಗೆ ಯಾವ ಬಿರುದೂ ಬೇಡವೆನಿಸಿತು.

ಈಗ ಬೇಸಿನ್ನಿನ ಪ್ರಸ್ತಾಪ. ಹೊಸ ಮನೆಯ ಹಿಂಜಗಲಿಯಲ್ಲಿ ಕೈತೊಳೆಯಲು ಬಿಳಿಯ ಪಿಂಗಾಣಿಯ ಬೇಸಿನ್ನೊಂದು ಇರಲೇಬೇಕೆಂದು ಹಟ ಹಿಡಿದವನು ನಾನು. ಅದನ್ನು ಹುಲ್ಲಿನಲ್ಲಿ ಸುತ್ತಿ, ಹುಬ್ಬಳ್ಳಿಯಿಂದ ಶಿರಸಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಮೇಲೊಂದು ತಗಡಿನ ಟಾಕಿ, ಟಾಕಿಗೆ ಹಿತ್ತಾಳೆಯ ನಲ್ಲಿ, ಬೇಸಿನ್ನಿಗೆ ಸರಪಳಿ ಕಟ್ಟಿದ ರಬ್ಬರಿನ ಬಿರಡೆ. ನಮ್ಮ ಓಣಿಗೆ ಅದೇ ಪ್ರಥಮ. ಸಿದ್ದಾಪುರದಿಂದ ಬಂದ ನೆಂಟರು ಊಟಕ್ಕೆ ಮುಂಚೆಯೇ ಎರಡು ಸಲ ಕೈ ತೊಳೆದುಕೊಂಡದ್ದನ್ನು ನಾನು ಓರೆಗಣ್ಣಿನಿಂದ ನೋಡಿ ಹಿಗ್ಗಿದೆ. ಗೋಡೆಯ ಆಚೆಗೇ ಬಚ್ಚಲು. ಬೇಸಿನ್ನಿನ ಕೊಳವೆಯನ್ನು ಗೋಡೆಯೊಳಗೇ ಬಚ್ಚಲಿನ ಕೊಳವೆಗೆ ಕೂಡಿಸಿ, ಎರಡು ನೀರುಗಳನ್ನೂ ಒಂದೇ ದಾರಿಯಲ್ಲಿ ಹಿತ್ತಿಲಿನ ಚರಂಡಿಗೆ ಕಳಿಸುವುದು ನನ್ನದೇ ಯೋಜನೆ. ಮಿತವ್ಯಯದ ಸಮಾಸವೆಂದು ಅದಕ್ಕೆ ನಾನು ಮನಸ್ಸಿನಲ್ಲೇ ಹೆಸರಿಟ್ಟಿದ್ದೆ.

ಆಯಿ ಬಂದ ಮೂರನೆಯ ಬೆಳಗ್ಗೆ ಆಕೆ ಬಚ್ಚಲಿನಿಂದ ನನ್ನನ್ನು ಕೂಗುವುದು ಕೇಳಿಸಿತು.

“ತಮಾ! ಇದೆಂತ ಬಚ್ಚಲೋ? ಮಿಂದ ನೀರೇ ಮತ್ತೆ ಕಾಲಿಗೆ ಬತ್ತು!”

ನಾನು ಆಗತಾನೆ ಹಲ್ಲುಜ್ಜಿ, ಬೇಸಿನ್ನಿನಲ್ಲಿ ಸಾವಕಾಶವಾಗಿ ಬಾಯಿ ಮುಕ್ಕಳಿಸುತ್ತಿದ್ದೆ. ಬಚ್ಚಲಿನ ತೂತಿನಿಂದ ಉಕ್ಕಿ ಬಂದು ಆಯಿಯ ಕಾಲ್ಬೆರಳುಗಳನ್ನು ಮುಟ್ಟಿದ ನೀರು ಆಕೆ ಮಿಂದದ್ದಲ್ಲ, ನಾನು ಮುಕ್ಕಳಿಸಿದ್ದು ಎಂಬ ಸತ್ಯ ಹೊರಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ; ಹಲ್ಲುಪುಡಿಯ ಗುಲಾಬಿ ಬಣ್ಣವೇ ಸಾಕ್ಷಿ ಹೇಳಿತು. ಮಡಿಯಲ್ಲಿ ಮಿಂದು ನಿಂತ ತಾಯಿಯ ಪಾದಕ್ಕೆ ಮಗನ ಎಂಜಲು! ಆಯಿ ಮತ್ತೊಮ್ಮೆ ಮಿಂದಳು. ಸೀಗೆಪುಡಿಯ ಚರಟ, ಒಲೆಯ ಬೂದಿ, ಎಣ್ಣೆಯ ಜಿಡ್ಡು ಎಲ್ಲವೂ ಕೂಡಿ ಮತ್ತೆ ನೀರು ನಿಂತಿತು, ಮತ್ತೆ ಮೈಲಿಗೆ. ಆ ದಿನ ಆಕೆ ಎಷ್ಟು ಸಲ ಮಿಂದಳೆಂಬುದನ್ನು ಹಂಡೆಯ ಒಲೆಯೇ ಬಲ್ಲದು. ಮಧ್ಯಾಹ್ನ ಊಟದ ಹೊತ್ತಿಗೆ ತೀರ್ಪು ಬಂತು.

“ಚತುರ್ದಶಿ ಸ್ನಾನದ ಒಳಗೆ ನೀರು ಹೋದ್ರೆ ಸೈ. ಇಲ್ದಿದ್ರೆ ಆನು ಹೋಗ್ತೆ.”

‘ಹೋಗು’ ಎಂಬ ಒಂದೇ ಧಾತುವನ್ನು ‘ನೀರು’, ‘ಆನು’ (ಎಂದರೆ ನಾನು) ಎಂಬ ಎರಡು ಕರ್ತೃಗಳಿಗೆ ಹಂಚಿ, ಮನೆಯ ಭವಿಷ್ಯವನ್ನು ಅದರ ಮೇಲೆ ನಿಲ್ಲಿಸಿದ ಆ ವಾಕ್ಯದ ಬಿಗಿಗೆ ನಾನು ಅಂಥ ಸಂಕಟದಲ್ಲಿಯೂ ತಲೆದೂಗಿದೆ. ಆದರೆ ಅರ್ಥ ಅಲಂಕಾರಿಕವಾಗಿರಲಿಲ್ಲ. ಈ ಸಲ ಯಲ್ಲಾಪುರಕ್ಕೆ ಹಿಂದಿರುಗಿದ ಆಯಿ ಮತ್ತೆ ನನ್ನ ಹೊಸ್ತಿಲನ್ನು ತುಳಿಯಲಾರಳೆಂಬುದು ನನಗೂ ಗೊತ್ತಿತ್ತು, ನನ್ನ ಹೆಂಡತಿ ಸಾವಿತ್ರಿಗೂ ಗೊತ್ತಿತ್ತು. ಸಾವಿತ್ರಿ ಬಡಿಸುತ್ತಲೇ, “ಹುಬ್ಬಳ್ಳಿಯಿಂದ ತೊಡೆ ಮೇಲೆ ಕೂರ್ಸ್ಕ್ಯಂಡು ಬಂದ್ರಲಿ, ಈಗ ನೋಡಿ, ಅದೇ ತಲೆ ಮೇಲೆ ಕೂತ್ಕಂಡ್ತು” ಎಂದು ನನ್ನ ಎಲೆಗೆ ಸಾರು ಹುಯ್ದಳು; ಅದೂ ಉಕ್ಕಿ ಹರಿಯಿತು.

ಚಿಕಿತ್ಸೆ ಆರಂಭವಾಯಿತು. ಬಿದಿರಿನ ಸಲಾಕಿ ತೂರಿಸಿದೆವು. ಕುದಿಯುವ ನೀರಿಗೆ ಸೋಡಾ ಕಲಸಿ ಹುಯ್ದೆವು. ಒಂದು ದಿನ ನೀರು ಹೋದಂತೆ ಮಾಡಿ ಮರುದಿನ ಬಡ್ಡಿ ಸಮೇತ ಹಿಂದಿರುಗಿತು. ಕೊನೆಗೆ, ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆಸಿದ್ದ ಮನೆ ಕಟ್ಟುವ ಗೌಂಡಿ ವೀರಭದ್ರಪ್ಪನಿಗೆ, ನಮ್ಮ ಬಚ್ಚಲು ಕಟ್ಟಿದೆ, ಕೂಡಲೇ ಬರಬೇಕು ಎಂದು ಹೇಳಿ ಕಳಿಸಿದೆ. ಅವನು ಬರಿಗೈಯಲ್ಲಿ, ಹೆಗಲ ಮೇಲೆ ಮಡಿಸಿದ ಶಲ್ಯ ಹಾಕಿಕೊಂಡು, ಗೃಹಪ್ರವೇಶಕ್ಕೆ ಬಂದವನಂತೆ ಬಂದ.

“ಏನ್ರಿ ಮಾಸ್ತರ್ರ, ಬಚ್ಚಲಾ ಕಟ್ಟೇತಿ ಅಂತ ಹೇಳಿ ಕಳಿಸೀರಿ. ಕಟ್ಟಿ ಮುಗದ ಮ್ಯಾಲ ನಂದೇನ ಕೆಲಸ್ರಿ? ನೋಡಿ ಚಲೋ ಆಗೇತಿ ಅನ್ನಾಕ ಕರದೀರೇನು?”

‘ಕಟ್ಟು’ ಎಂಬ ಧಾತು ಸಕರ್ಮಕವಾದಾಗ ನಿರ್ಮಿಸುವುದೆಂದೂ, ಅಕರ್ಮಕವಾದಾಗ ಅಡಚಿಕೊಳ್ಳುವುದೆಂದೂ, ಪ್ರಸ್ತುತ ಪ್ರಯೋಗ ಎರಡನೆಯದೆಂದೂ ನಾನು ಅವನಿಗೆ ವಿವರಿಸಿದೆ. ವೀರಭದ್ರಪ್ಪ ಗಡ್ಡ ಕೆರೆದುಕೊಂಡು, “ಅಂದ್ರ ಒಂದ ಮಾತಿನ್ಯಾಗ ಕಟ್ಟೂದೂ ಐತಿ, ಕೆಡೂದೂ ಐತಿ. ನಮ್ಮ ಕಸಬಿನ್ಹಂಗ ಐತಲ್ರಿ!” ಎಂದು ನಕ್ಕ. ಕೊಳವೆ ಸಣ್ಣದಾಯಿತು, ದೊಡ್ಡದು ಹಾಕಿದರೆ ಸರಿಹೋಗುತ್ತದೆ ಎಂಬುದು ಅವನ ಮತ. ಹಾಕಿದೆವು. ಸಂಧಿಯ ಭಾಷೆಯಲ್ಲಿ ಹೇಳುವುದಾದರೆ ಇದು ಆದೇಶ: ಒಂದರ ಸ್ಥಾನದಲ್ಲಿ ಇನ್ನೊಂದು. ಮರುದಿನ ನಾನು ಬೇಸಿನ್ನಿನಲ್ಲಿ ಕೈತೊಳೆದಾಗ, ಮೊದಲು ಮೆಲ್ಲಗೆ ಬರುತ್ತಿದ್ದ ನೀರು ಈಗ ದೊಡ್ಡ ಕೊಳವೆಗೆ ತಕ್ಕ ಗಾಂಭೀರ್ಯದಿಂದ ಬಚ್ಚಲಿನಲ್ಲಿ ಪ್ರತ್ಯಕ್ಷವಾಯಿತು. ಆಯಿ ಕಪಾಟಿನ ಮೇಲಿದ್ದ ತನ್ನ ಟ್ರಂಕನ್ನು ಕೆಳಗಿಳಿಸಿ ಧೂಳು ಒರೆಸಿದಳು.

ದಾರಿ ಹೊಳೆದದ್ದು ಛಾಪಖಾನೆಯಲ್ಲಿ. ಹಬ್ಬದ ಒಂದು ಜಾಹೀರಾತಿನ ಕರಡು ಕೈಯಲ್ಲಿತ್ತು. ಅಚ್ಚುಮೊಳೆ ಜೋಡಿಸುವವನು ‘ಮನೆಯಿಂದ’ ಎಂಬುದನ್ನು ‘ಮನೆಇಂದ’ ಎಂದು ಜೋಡಿಸಿದ್ದ. ಕೆಂಪು ಶಾಯಿಯಲ್ಲಿ ಗೀಟೆಳೆದು, ನಡುವೆ ‘ಯ’ ಬರಬೇಕೆಂದು ಬರೆಯಹೊರಟ ನನ್ನ ಕೈ ಅಲ್ಲಿಯೇ ನಿಂತಿತು. ಎಕಾರವೂ ಸ್ವರ, ಇಕಾರವೂ ಸ್ವರ. ಎರಡೂ ಪೂರ್ಣ, ಎರಡೂ ನಿರ್ದೋಷಿ. ಮುಖಕ್ಕೆ ಮುಖ ಕೊಟ್ಟು ನಿಂತರೆ ಮಾತ್ರ ನಾಲಿಗೆ ತೊಡರುತ್ತದೆ. ಆಗ ಯಾವುದನ್ನೂ ಕಳೆಯದೆ, ಯಾವುದನ್ನೂ ಬದಲಿಸದೆ, ನಡುವೆ ಒಂದು ಯಕಾರ ತಾನಾಗಿ ಬಂದು ನಿಂತು ಇಬ್ಬರಿಗೂ ದಾರಿ ಮಾಡಿಕೊಡುತ್ತದೆ. ಅದೇ ಆಗಮಸಂಧಿ. ಇಪ್ಪತ್ತು ವರ್ಷ ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನ ಮನೆಯ ಗೋಡೆಯೊಳಗೆ ಎರಡು ಕೊಳವೆಗಳು ಯಕಾರವಿಲ್ಲದೆ ಒಂದಕ್ಕೊಂದು ಎದುರುಬದುರಾಗಿ ಕೂಡಿದ್ದವು! ಎತ್ತರದಿಂದ ಇಳಿಯುವ ಬೇಸಿನ್ನಿನ ನೀರು ನೇರವಾಗಿ ಬಚ್ಚಲಿನ ಕೊಳವೆಗೆ ನುಗ್ಗದೆ ಇನ್ನೇನು ಮಾಡೀತು? ಕರಡನ್ನು ಅರ್ಧಕ್ಕೆ ಬಿಟ್ಟು ಎದ್ದವನು ನಾನು; ಆ ಛಾಪಖಾನೆಯ ಇತಿಹಾಸದಲ್ಲಿ ಅದು ಮೊದಲನೆಯ ಸಲ.

ಮರುದಿನವೇ ವೀರಭದ್ರಪ್ಪನನ್ನು ಕರೆಸಿದೆ. ಗೋಡೆಯೊಳಗಿನ ಕೂಡಿಕೆಯನ್ನು ಬಿಡಿಸಿ ಎರಡು ಕೊಳವೆಗಳನ್ನೂ ಬೇರೆಬೇರೆಯಾಗಿ ಹೊರಗೆ ತರುವುದು. ಗೋಡೆಯಾಚೆ ಇಟ್ಟಿಗೆ ಕಟ್ಟಿ ಗಾರೆ ಮಾಡಿದ ಗುಂಡಿಯೊಂದು. ಎರಡೂ ಅದರೊಳಗೆ ಮೇಲಿನಿಂದ ಬೀಳಬೇಕು. ಗುಂಡಿಯ ತಳದಿಂದ ಹೊರಟ ಅಗಲವಾದ ಕೊಳವೆ ಚರಂಡಿಯವರೆಗೆ ಒಂದೇ ಸಮನೆ ಇಳಿಜಾರಾಗಿರಬೇಕು. ಮೇಲೆ ಎತ್ತಿ ತೊಳೆಯಬಹುದಾದ ಹಾಸುಗಲ್ಲು. ದಾರ ಹಿಡಿದು, ಮಟ್ಟಗೋಲಿಟ್ಟು, ಇಳಿಜಾರನ್ನು ನಾನೇ ತಪಾಸಣೆ ಮಾಡಿದೆ.

“ಎರಡೂ ನೀರ ಒಂದ ಕಡೆ ಹೋಗೂವಾಗ ನಡುವ ಈ ತೆಗ್ಗ ಏನ್ರಿ?”

“ಯಕಾರಾಗಮ.”

“ನಾನೂ ಅದನ್ನ ಕೇಳಾಕತ್ತೀನ್ರಿ, ಯಾಕ?”

ನಾನು ಗುಂಡಿಯ ಅಂಚಿನಲ್ಲಿ ಕುಳಿತು ಇಟ್ಟಿಗೆಚೂರಿನಿಂದ ‘ಮನೆ’, ‘ಇಂದ’ ಎಂದು ಬರೆದು ವಿವರಿಸಿದೆ. ಅವನು ‘ಮನೆಇಂದ’ ಎಂದು ಮೂರು ಸಲ ಹೇಳಿ ನೋಡಿ, ತೊಡರಿ, “ಹೌದ್ರಿ, ಇಲ್ಲೆ ಕಟ್ಟತೈತಿ” ಎಂದು ಗಂಟಲನ್ನು ಮುಟ್ಟಿ ತೋರಿಸಿದ. ಅಕರ್ಮಕ ಪ್ರಯೋಗ! ನನ್ನ ಶಿಷ್ಯರಲ್ಲಿ ಇಷ್ಟು ಬೇಗ ಗ್ರಹಿಸಿದವರು ವಿರಳ.

ಇನ್ನುಳಿದದ್ದು ಲೋಪ. ಬೇಸಿನ್ನಿನ ಬಿರಡೆಯನ್ನು ಯಾರಾದರೂ ಮರೆತು ಮುಚ್ಚಿದರೆ ನೀರು ಜಗಲಿಗೆ ಇಳಿಯುತ್ತಿತ್ತು. ನಿಂತ ನೀರಿನಲ್ಲಿ ಕೈ ಅದ್ದಿ ತೊಳೆಯುವವರು ನಮ್ಮಲ್ಲಿ ಯಾರಿದ್ದಾರೆ? ಬಿರಡೆಯನ್ನು ಸರಪಳಿ ಸಮೇತ ಲೋಪ ಮಾಡಿದೆ. ಬಚ್ಚಲಿನ ತೂತಿಗೆ ಸಾವಿತ್ರಿ, ತೂತು ಕೊರೆದ ತೆಂಗಿನ ಕರಟವೊಂದನ್ನು ಬೋರಲು ಹಾಕಿದಳು. ಕೂದಲು, ಸೀಗೆಯ ಚರಟ ಎಲ್ಲವೂ ಅದರ ಬೆನ್ನಿಗೆ. ಅದಕ್ಕೆ ಯಾವ ಸಂಧಿಯ ಹೆಸರಿಡಬೇಕೆಂದು ನಾನು ಯೋಚಿಸುತ್ತಿರುವಾಗಲೇ ಆಕೆ, “ಕರಟ ಹೇಳಿ ಕರದ್ರೆ ಸಾಕು” ಎಂದಳು.

ಆಮೇಲಿನ ವರ್ಷಗಳ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಮ್ಮೆ ತಡೆದಷ್ಟೂ ಹಿಂದಕ್ಕೆ ಉಕ್ಕುವ ದ್ರವ. ವೀರಭದ್ರಪ್ಪ ಶಿರಸಿಯಲ್ಲಿ, ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಬಚ್ಚಲು ಕಟ್ಟಿದಲ್ಲೆಲ್ಲ, “ಯಕಾರ ಇಡ್ಲೇನ್ರಿ?” ಎಂದು ಕೇಳತೊಡಗಿದ. ಜನ ಇಡಿಸಿಕೊಂಡರು. ಈಚೆಗೆ ಹೆಗ್ಗರಣೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಸಂಧಿಯ ಪಾಠದಲ್ಲಿ ನನ್ನಿಂದ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು, ತನ್ನ ಹಿತ್ತಿಲಿನ ಹಾಸುಗಲ್ಲನ್ನು ಎತ್ತಿ, “ಮಾಸ್ತರ್ರೇ, ಯಕಾರ ನೋಡಿ, ಎಷ್ಟು ಚೊಕ್ಕ ಇದೆ!” ಎಂದು ತೋರಿಸಿದ. ಉದಾಹರಣೆ ಕೇಳಿದರೆ ಆಗ ಅವನು ಬಾಯಿ ಬಿಡುತ್ತಿರಲಿಲ್ಲ. ಕನ್ನಡಕ್ಕೆ ಪಂಡಿತರು ಗ್ರಂಥಗಳನ್ನು ಕೊಟ್ಟಿದ್ದಾರೆ. ನಾನು ಒಂದು ಗುಂಡಿಯನ್ನು ಕೊಟ್ಟೆ, ಅದೂ ವ್ಯಾಕರಣಶುದ್ಧವಾದದ್ದು.

ಮನೆಯೊಳಗೂ ಆ ಸೂತ್ರ ಉಪಯೋಗಕ್ಕೆ ಬಂತೆಂದರೆ ಅತಿಶಯೋಕ್ತಿಯಾಗದು. ಅತ್ತೆಯೂ ಸ್ವರ, ಸೊಸೆಯೂ ಸ್ವರ. ಇಬ್ಬರೂ ಒಂದೇ ಒಲೆಯ ಮುಂದೆ ಎದುರುಬದುರಾದಾಗ ತಪ್ಪು ಯಾರದೆಂದು ನಾನು ಹುಡುಕುತ್ತಿದ್ದ ಕಾಲವೊಂದಿತ್ತು. ಈಗ ಸುಮ್ಮನೆ ಅಡುಗೆಮನೆಗೆ ಹೋಗಿ, ಕಾಫಿ ಉಂಟೋ ಎಂದು ಕೇಳಿ, ಇಬ್ಬರ ನಡುವೆ ಒಂದು ಗಳಿಗೆ ನಿಂತು ಬರುತ್ತೇನೆ. ಇಬ್ಬರೂ ಸೇರಿ ನನ್ನನ್ನು ಬೈಯುತ್ತಾರೆ. ಮಾತು ಸಲೀಸಾಗಿ ಹರಿಯುತ್ತದೆ.

ಆ ವರ್ಷ ಗುಂಡಿಯ ಗಾರೆ ಆರಿದ್ದು ಹಬ್ಬದ ಹೊಸ್ತಿಲಿನಲ್ಲಿ. ಮುನ್ನಾದಿನ ಹಂಡೆಯನ್ನು ತೊಳೆದು, ಸುಣ್ಣ ಬಳಿದು, ನೀರು ತುಂಬುವ ಶಾಸ್ತ್ರ. ನೀರು ತುಂಬುವ ಹಬ್ಬವನ್ನು ನಮ್ಮ ಬಚ್ಚಲು ಎರಡು ವಾರವಿಡೀ ಆಚರಿಸಿತ್ತಾದ್ದರಿಂದ ನನಗೆ ಆ ಹೆಸರೇ ನಡುಕ ಹುಟ್ಟಿಸಿತು. ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡ ಆಯಿ, ಬಚ್ಚಲಿನ ಬಾಗಿಲಲ್ಲಿ ನಿಂತು ನನಗೊಂದು ಪ್ರಶ್ನೆಪತ್ರಿಕೆ ಕೊಟ್ಟಳು.

“ಸುಮ್ನೆ ಒಪ್ಪದಿಲ್ಲೆ ಆನು. ಆನು ಮೀವಾಗ ನೀ ಅತ್ಲಾಗೆ ನಿಂತ್ಕಂಡು ಬೇಸಿನ್ನಿಗೆ ನೀರು ಹೊಯ್ಯಿ.”

ನಾನು ಹಿಂಜಗಲಿಯಲ್ಲಿ ಕೊಡದ ಮೇಲೆ ಕೊಡ ಸುರಿದೆ. ಗೋಡೆಯಾಚೆ ಆಯಿ ತಂಬಿಗೆಯ ಮೇಲೆ ತಂಬಿಗೆ ಹುಯ್ದುಕೊಂಡಳು. ಟ್ರಂಕು ನಡುಮನೆಯಲ್ಲಿ ಕಾಯುತ್ತಿತ್ತು. ಕೊಡ ಬರಿದಾದ ಮೇಲೆ ನಾನು ಕಿವಿಗೊಟ್ಟೆ. ಹಿತ್ತಿಲಿನ ಹಾಸುಗಲ್ಲಿನ ಕೆಳಗಿನಿಂದ ಎರಡು ಧಾರೆಗಳು ಬೀಳುವ ಸದ್ದು, ಅನಂತರ ಒಂದಾಗಿ ಹರಿಯುವ ಸದ್ದು, ಕಡೆಗೊಂದು ದೀರ್ಘವಾದ, ಗಂಟಲು ತುಂಬಿದ, ಸಂತೃಪ್ತ ‘ಗುಳುಕ್’. ಹೋಗುವ ನೀರಿಗೂ ಒಂದು ಮಾತಿರುತ್ತದೆ, ವಾಚಕರೇ. ಅದನ್ನು ಅಂದು ನಾನು ಮೊದಲ ಬಾರಿಗೆ ಕೇಳಿದೆ.

ಬಾಗಿಲು ತೆರೆಯಿತು. ಆಯಿ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ತನ್ನ ಕಾಲುಗಳನ್ನು ನೋಡಿಕೊಂಡಳು, ಬಚ್ಚಲಿನ ಕಲ್ಲನ್ನು ನೋಡಿದಳು, ಆಮೇಲೆ ನನ್ನನ್ನು.

“ನೀರು ಹೋತು, ತಮಾ. ಆನು ಹೋಪದಿಲ್ಲೆ.”

ಅದೇ ಧಾತು, ಅವೇ ಎರಡು ಕರ್ತೃಗಳು. ತಿದ್ದಲು ಒಂದಕ್ಷರವೂ ಇರಲಿಲ್ಲ. ಅಂದು ನರಕ ಚತುರ್ದಶಿ, ಸೋಮವಾರ, ೧೯೫೮ನೆಯ ಇಸವಿಯ ನವೆಂಬರ್ ಹತ್ತನೆಯ ತಾರೀಖು.